ಗಾಡಿಯ ಮೈ ಸೇರಿಯೇ ಆಂಟೆನಾ: ವಿಎಚ್‌ಎಫ್ ಅಡಚಣೆಗೆ ಮಾದರಿ ಕಟ್ಟುವ ಬಗೆ

ಪ್ರಶ್ನೆ: ನಾವು ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇವೆ. ಸೇಡಂ ಕಡೆಯ ಸುಣ್ಣಕಲ್ಲಿನ ಗಣಿಗೆ ಓಡಾಡುವ ಜೀಪಿನಂಥ ಡೀಸೆಲ್ ಗಾಡಿ ನಮ್ಮ ಪ್ರಾಜೆಕ್ಟಿನ ವಿಷಯ. ಅದರಲ್ಲಿ ಪರವಾನಗಿ ಇರುವ 25 ವ್ಯಾಟ್‌ನ ವಿಎಚ್‌ಎಫ್ ರೇಡಿಯೊ ಸೆಟ್ ಇದೆ, ಬಳಕೆ 150 ಮೆಗಾಹರ್ಟ್ಸ್ ಆಸುಪಾಸು. ಟಾಪಿನ ಮೇಲೆ ಕಬ್ಬಿಣದ ಕ್ಯಾರಿಯರ್, ಅದರ ನಡುವೆ ಮ್ಯಾಗ್ನೆಟ್ ತಳದ ಕಾಲು ತರಂಗದ ಕಡ್ಡಿ. ಡ್ಯಾಶ್‌ಬೋರ್ಡಿನಲ್ಲಿ ಜಿಪಿಎಸ್ ಟ್ರ್ಯಾಕರ್, ಮುಂದೆ ಆಮೇಲೆ ಹಾಕಿಸಿದ ಎಲ್‌ಇಡಿ ದೀಪಗಳು. ಎಂಜಿನ್ ಚಾಲೂ ಮಾಡಿದರೆ ಸೆಟ್ಟಿನಲ್ಲಿ ಗದ್ದಲ. ಮಾತಾಡಲು ಬಟನ್ ಒತ್ತಿದರೆ ಟ್ರ್ಯಾಕರ್ ಸ್ಥಾನ ಕಳೆದುಕೊಳ್ಳುತ್ತದೆ. ಕೊನೆಯಿಲ್ಲದ ಲೋಹದ ನೆಲದ ಮೇಲೆ ಕಡ್ಡಿ ನಿಲ್ಲಿಸಿ ಲೆಕ್ಕ ಮಾಡಿದಾಗ ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಶಕ್ತಿಯನ್ನು ತಿರುಗಿಸಿ ಕಳಿಸುತ್ತದೆ ಎಂಬುದರ ಅಳತೆ, 1 ಇದ್ದರೆ ಏನೂ ತಿರುಗುವುದಿಲ್ಲ) 1.4 ಬಂತು, ಗಾಡಿಯಲ್ಲಿ ಸೆಟ್ಟಿನ ಹತ್ತಿರ ಅಳೆದರೆ 2.3. 16 ಜಿಬಿ ಲ್ಯಾಪ್‌ಟಾಪ್ ಮತ್ತು ಉಚಿತ ಸಾಫ್ಟ್‌ವೇರ್ ಇಟ್ಟುಕೊಂಡು ಇದನ್ನು ಸರಿಯಾಗಿ ಮಾದರಿ ಮಾಡಲು ಸಾಧ್ಯವೆ?

ಉತ್ತರ: ಸಾಧ್ಯ. ಮೊದಲು ಆ 1.4 ಎಲ್ಲಿಂದ ಬಂತು ನೋಡಿ. ಕೊನೆಯಿಲ್ಲದ ಪರಿಪೂರ್ಣ ಲೋಹದ ಮೇಲೆ ಅನುರಣಿಸುವ ಕಾಲು ತರಂಗದ ಕಡ್ಡಿಯ ರೋಧ ಸುಮಾರು 36 ಓಮ್. 50ನ್ನು 36ರಿಂದ ಭಾಗಿಸಿದರೆ 1.39. ಅಂದರೆ ನಿಮಗೆ ಸಿಕ್ಕಿದ್ದು ಪಠ್ಯಪುಸ್ತಕದ ಆಂಟೆನಾದ ಅಂಕಿ. ಗಾಡಿ ಆ ಲೆಕ್ಕದೊಳಗೆ ಬಂದೇ ಇಲ್ಲ. ಅತ್ತ 2.3 ಕೂಡ ಪೂರ್ತಿ ನಿಜವಲ್ಲ. ಆರ್‌ಜಿ-58 ಕೇಬಲ್ 5 ಮೀಟರ್ ಇದ್ದರೆ 150 ಮೆಗಾಹರ್ಟ್ಸ್‌ನಲ್ಲಿ ಹತ್ತಿರಹತ್ತಿರ 1 ಡಿಬಿ ನಷ್ಟ. ಹೋಗುವಾಗ ಒಂದು, ತಿರುಗಿ ಬರುವಾಗ ಒಂದು, ಒಟ್ಟು 2 ಡಿಬಿ ಪ್ರತಿಫಲನವನ್ನು ಕೇಬಲ್ ನುಂಗಿರುತ್ತದೆ. ಸೆಟ್ಟಿನ ಹತ್ತಿರ 2.3 ಕಂಡರೆ ಆಂಟೆನಾದ ಬುಡದಲ್ಲಿ ಅದು 3ರ ಹತ್ತಿರ. ನೀವು ವಿವರಿಸಬೇಕಾದ ಅಂತರ 1.4ರಿಂದ 2.3ಕ್ಕಲ್ಲ, 1.4ರಿಂದ 3ಕ್ಕೆ.

150 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ 2 ಮೀಟರ್. ಗಾಡಿ ಸುಮಾರು 4 ಮೀಟರ್ ಉದ್ದ, 1.75 ಮೀಟರ್ ಅಗಲ. ಚಾವಣಿಯ ಅಂಚು ಕಡ್ಡಿಯ ಬುಡದಿಂದ 0.7 ಮೀಟರಿನಿಂದ 1.2 ಮೀಟರ್ ದೂರದಲ್ಲಿದೆ. ಕಡ್ಡಿಯಲ್ಲಿ ಹರಿಯುವಷ್ಟೇ ಕರೆಂಟು ಚಾವಣಿಯ ತಗಡಿನಲ್ಲೂ ಹರಿದು ಅಂಚು ದಾಟಿ ಕಿಟಕಿ ಕಂಬಗಳಲ್ಲಿ ಇಳಿಯುತ್ತದೆ, ಅಲ್ಲಿಂದಲೂ ಹೊರಸೂಸುತ್ತದೆ. ಈ ತಾರಂಗಿಕ ಅಳತೆಯಲ್ಲಿ ಗಾಡಿಯ ಮೈಯೇ ಆಂಟೆನಾದ ಇನ್ನೊಂದು ಅರ್ಧ. ಅದೇ ಗಾಡಿ 1 ಮೆಗಾಹರ್ಟ್ಸ್ ಆಸುಪಾಸಿನ ಮೀಡಿಯಂ ವೇವ್‌ಗೆ, 300 ಮೀಟರ್ ತರಂಗಾಂತರದ ಮುಂದೆ, ಬರೀ ಚಿಕ್ಕ ಕೆಪಾಸಿಟರ್ ತಟ್ಟೆ. ಜಿಪಿಎಸ್‌ನ 1575.42 ಮೆಗಾಹರ್ಟ್ಸ್‌ಗೆ, 19 ಸೆಂಟಿಮೀಟರ್ ತರಂಗಾಂತರಕ್ಕೆ, ಅದು ದೊಡ್ಡ ಬಯಲು. ಆದ್ದರಿಂದ ಎಲ್ಲಕ್ಕೂ ಒಂದೇ ಮಾದರಿ ಕಟ್ಟುವ ಆಸೆ ಬಿಡಿ. ವಿಎಚ್‌ಎಫ್‌ಗೆ ಇಡೀ ಗಾಡಿಯ ಒರಟು ಮಾದರಿ, ಜಿಪಿಎಸ್‌ಗೆ ಚಾವಣಿ ಮತ್ತು ಗಾಜಿನ ಭಾಗದ ಸೂಕ್ಷ್ಮ ಮಾದರಿ, ಎರಡನ್ನೂ ಬೇರೆ ಇಡಿ.

ವಿಎಚ್‌ಎಫ್ ಮಾದರಿಗೆ ಎನ್‌ಇಸಿ-2 ಸಾಕು. 1981ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಿಂದ ಬಂದ ಮೊಮೆಂಟ್ ವಿಧಾನದ, ಅಂದರೆ ತಂತಿಗಳನ್ನು ಸಣ್ಣ ತುಂಡು ಮಾಡಿ ಪ್ರತಿ ತುಂಡಿನ ಕರೆಂಟು ಲೆಕ್ಕ ಹಾಕುವ, ಹಳೇ ಕೋಡ್. ಉಚಿತ, 4ನೆಕ್2 ಎಂಬ ಹೊದಿಕೆಯೊಂದಿಗೆ ವಿಂಡೋಸಿನಲ್ಲಿ ಓಡುತ್ತದೆ. ಲೋಹದ ಮೈಯನ್ನು ಅದರಲ್ಲಿ ತಂತಿಯ ಜಾಲವಾಗಿ ಹೆಣೆಯಬೇಕು. ಮೈಯ ಒಟ್ಟು ಹೊರಮೈ ಸುಮಾರು 30 ಚದರ ಮೀಟರ್. ಆಂಟೆನಾ ಕೂರುವ ಚಾವಣಿಗೆ, ಅಂದಾಜು 3.5 ಚದರ ಮೀಟರಿಗೆ, 10 ಸೆಂಟಿಮೀಟರ್ ಕಣ್ಣು. ಉಳಿದ ಮೈಗೆ 20 ಸೆಂಟಿಮೀಟರ್, ಅಂದರೆ ತರಂಗಾಂತರದ ಹತ್ತನೇ ಒಂದು. ಒಂದು ಕಣ್ಣಿಗೆ ಎರಡು ತುಂಡು ಎಂದು ಹಿಡಿದರೆ ಚಾವಣಿಗೆ 700, ಉಳಿದದ್ದಕ್ಕೆ 1300, ಒಟ್ಟು 2000 ತುಂಡು. ಮ್ಯಾಟ್ರಿಕ್ಸಿನ ಒಂದು ಅಂಕಿಗೆ 16 ಬೈಟ್, 2000ದ ವರ್ಗ 40 ಲಕ್ಷ, ಒಟ್ಟು 64 ಎಂಬಿ. ನಿಮ್ಮ ಲ್ಯಾಪ್‌ಟಾಪಿಗೆ ಇದು ಏನೂ ಅಲ್ಲ. ಇಡೀ ಮೈಗೆ 10 ಸೆಂಟಿಮೀಟರ್ ಕಣ್ಣು ಹಾಕಿದರೂ 6000 ತುಂಡು, 576 ಎಂಬಿ. ಆದರೆ ಲೆಕ್ಕದ ಸಮಯ ತುಂಡುಗಳ ಘನಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಅದು 27 ಪಟ್ಟು ಹೆಚ್ಚು ಕಾಯಿಸುತ್ತದೆ. ಒಮ್ಮೆ ಹಾಗೆ ಓಡಿಸಿ ಉತ್ತರ ಬದಲಾಗುತ್ತದೆಯೇ ನೋಡಿ, ಬದಲಾಗದಿದ್ದರೆ ಒರಟಿಗೇ ಮರಳಿ. ತಗಡಿನ ದಪ್ಪ, ಉಕ್ಕಿನ ಗುಣ ಎಂದೆಲ್ಲ ತಲೆಕೆಡಿಸಿಕೊಳ್ಳಬೇಡಿ. ಈ ಆವರ್ತನದಲ್ಲಿ ಕರೆಂಟು ಮೇಲ್ಮೈಯ ಕೆಲವೇ ಮೈಕ್ರೋಮೀಟರಿನಲ್ಲಿ ಹರಿಯುತ್ತದೆ, ಪರಿಪೂರ್ಣ ಲೋಹ ಎಂದರೆ ಸಾಕು.

ಜಾಲದ ತಂತಿ ಎಷ್ಟು ದಪ್ಪ ಇರಬೇಕು? ತಂತಿಯ ಸುತ್ತಳತೆ ಕಣ್ಣಿನ ಅಗಲಕ್ಕೆ ಸಮ ಇರಲಿ. 20 ಸೆಂಟಿಮೀಟರ್ ಕಣ್ಣಿಗೆ ತ್ರಿಜ್ಯ 32 ಮಿಲಿಮೀಟರ್, 10 ಸೆಂಟಿಮೀಟರಿಗೆ 16. ಇದಕ್ಕಿಂತ ತೆಳು ತಂತಿ ಹಾಕಿದರೆ ಜಾಲ ಗಟ್ಟಿ ತಗಡಿನಂತೆ ವರ್ತಿಸದೆ ಇಂಡಕ್ಟರಿನಂತೆ ಆಗಿ ಕ್ಷೇತ್ರವನ್ನು ಒಳಗೆ ಸೋರಲು ಬಿಡುತ್ತದೆ. ಒರಟು ಜಾಲ ಸಣ್ಣ ಜಾಲಕ್ಕೆ ಸೇರುವ ಕಡೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುತ್ತಾರೆ. ಎನ್‌ಇಸಿಯಲ್ಲಿ ತಂತಿಗಳು ತುಂಡಿನ ತುದಿಗಳಲ್ಲಿ ಮಾತ್ರ ಕೂಡುತ್ತವೆ. ಒಂದು ತುಂಡಿನ ನಡುಮಧ್ಯಕ್ಕೆ ಇನ್ನೊಂದು ತಂತಿ ಬಂದು ತಾಗಿದರೆ ಚಿತ್ರದಲ್ಲಿ ಕೂಡಿದಂತೆ ಕಾಣುತ್ತದೆ, ಲೆಕ್ಕದಲ್ಲಿ ಕೂಡಿರುವುದಿಲ್ಲ. ಚಾವಣಿಯ ಅಂಚಿನ 20 ಸೆಂಟಿಮೀಟರ್ ತಂತಿಗಳನ್ನೆಲ್ಲ ಎರಡೆರಡು ತುಂಡು ಮಾಡಿ.

ಹೆಚ್ಚು ಹಾಳಾಗುವುದು ಆಂಟೆನಾದ ಬುಡದಲ್ಲೇ. ಕಡ್ಡಿಯ ತ್ರಿಜ್ಯ 1.5 ಮಿಲಿಮೀಟರ್, ಜಾಲದ ತಂತಿ 16 ಮಿಲಿಮೀಟರ್. ಹೀಗೆ ಒಮ್ಮೆಲೇ ದಪ್ಪ ಬದಲಾದರೆ ಎನ್‌ಇಸಿ-2 ತಪ್ಪು ರೋಧ ಕೊಡುತ್ತದೆ, ಅದೂ ವಿದ್ಯುತ್ ಮೂಲ ಇರುವ ಜಾಗದಲ್ಲೇ. ಕಡ್ಡಿಯನ್ನು 475 ಮಿಲಿಮೀಟರ್ ಇಟ್ಟು 25 ಮಿಲಿಮೀಟರಿನ 19 ತುಂಡು ಮಾಡಿ. ಬುಡದಿಂದ ನಾಲ್ಕೂ ದಿಕ್ಕಿಗೆ ಹೋಗುವ ಚಾವಣಿ ತಂತಿಗಳ ಮೊದಲ 20 ಸೆಂಟಿಮೀಟರನ್ನು ಅದೇ 25 ಮಿಲಿಮೀಟರ್ ತುಂಡುಗಳಾಗಿ, 2–3 ಮಿಲಿಮೀಟರ್ ತ್ರಿಜ್ಯದಲ್ಲಿ ಇಡಿ, ಆಮೇಲೆ ಮೆಲ್ಲಗೆ ದಪ್ಪ ಮಾಡುತ್ತ ಹೋಗಿ. ಮೂಲವನ್ನು ಕಡ್ಡಿಯ ಕೆಳಗಿನ ಮೊದಲ ತುಂಡಿಗೆ ಕೊಡಿ. ನಂತರ ಸರಾಸರಿ ಗಳಿಕೆಯ (ಗೇನ್) ಪರೀಕ್ಷೆ: ನಷ್ಟಗಳನ್ನೆಲ್ಲ ತೆಗೆದು, ನೆಲವನ್ನೂ ತೆಗೆದು, ಎಲ್ಲ ದಿಕ್ಕುಗಳ ಗಳಿಕೆಯ ಸರಾಸರಿ ನೋಡಿದರೆ 1 ಬರಬೇಕು. 0.95ರಿಂದ 1.05ರೊಳಗಿದ್ದರೆ ನಂಬಬಹುದು. 0.8 ಬಂದರೆ ರೋಧವೂ ಹೆಚ್ಚುಕಡಿಮೆ ಅಷ್ಟೇ ತಪ್ಪಿದೆ ಎಂದು ತಿಳಿಯಿರಿ. ಈ ಪರೀಕ್ಷೆ ಇಲ್ಲದೆ ಬಣ್ಣಬಣ್ಣದ ವಿಕಿರಣ ಚಿತ್ರ ಅಂಟಿಸಿದ ಪ್ರಾಜೆಕ್ಟ್ ವರದಿಗೆ ಬೆಲೆಯಿಲ್ಲ.

ಕಿಟಕಿಗಳನ್ನು ತೆರೆದೇ ಇಡಿ, ಗಾಜು ಲೋಹವಲ್ಲ. ಬೇಗ ಮುಗಿಯಲಿ ಎಂದು ಮೈಯನ್ನು ಪೂರ್ತಿ ಮುಚ್ಚಿದ ಪೆಟ್ಟಿಗೆ ಮಾಡಿದರೆ ಇನ್ನೊಂದು ತೊಂದರೆ. 2.5 ಮೀಟರ್ ಉದ್ದ, 1.4 ಮೀಟರ್ ಅಗಲದ ಕ್ಯಾಬಿನ್ನಿನ ಮೊದಲ ಅನುರಣನೆ ಸುಮಾರು 123 ಮೆಗಾಹರ್ಟ್ಸ್. ಮುಚ್ಚಿದ ಪೆಟ್ಟಿಗೆಯಲ್ಲಿ ಇಂಥ ಒಳ ಅನುರಣನೆಗಳ ಹತ್ತಿರ ಮ್ಯಾಟ್ರಿಕ್ಸ್ ಅಸ್ಥಿರವಾಗಿ, ಇಲ್ಲದ ಕರೆಂಟುಗಳನ್ನು ತೋರಿಸುತ್ತದೆ. ನಿಜವಾದ ಗಾಡಿಯಲ್ಲಿ ಕಿಟಕಿಗಳು ಸೋರುತ್ತವೆ, ಕೂತ ಜನರ ಮೈ ಶಕ್ತಿಯನ್ನು ಹೀರುತ್ತದೆ, ಹಾಗಾಗಿ ಅನುರಣನೆ ಮೊಂಡಾಗುತ್ತದೆ. 90 ಸೆಂಟಿಮೀಟರ್ ಉದ್ದದ ಕಿಟಕಿ 167 ಮೆಗಾಹರ್ಟ್ಸ್‌ನಲ್ಲಿ ಅರ್ಧ ತರಂಗ. ಮೈ ತಗಡಿನದ್ದು, ಒಳಗೆ ಸಿಗ್ನಲ್ ಬರುವುದಿಲ್ಲ ಎಂಬ ನಂಬಿಕೆ ಈ ಬ್ಯಾಂಡಿನಲ್ಲಿ ಸುಳ್ಳು.

ಈಗ ಕ್ಯಾರಿಯರ್. ನಿಮ್ಮ 3ರ ಎಸ್‌ಡಬ್ಲ್ಯೂಆರ್‌ಗೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ನಮ್ಮ ಕಡೆ ಕ್ರೂಸರು, ಜೀಪುಗಳ ಮೇಲೆ ಹಾಕಿಸುವ ಕ್ಯಾರಿಯರ್ ಚಾವಣಿಯಿಂದ 10–15 ಸೆಂಟಿಮೀಟರ್ ಎತ್ತರದ ಉದ್ದ ಕಂಬಿಗಳು, ಮೀಟರಿಗೊಂದರಂತೆ ಕಾಲುಗಳು. ಒಂದು ಕಂಬಿ, ಅದರ ಕೆಳಗಿನ ಚಾವಣಿ, ಎರಡು ತುದಿಯ ಕಾಲುಗಳು ಸೇರಿದರೆ ಎರಡೂ ಕಡೆ ಶಾರ್ಟ್ ಆದ ಪ್ರಸಾರ ತಂತಿ ಆಯಿತು. ಕಾಲಿನಿಂದ ಕಾಲಿಗೆ 1 ಮೀಟರ್ ಇದ್ದರೆ ಅದು ಅರ್ಧ ತರಂಗವಾಗುವುದು ಸರಿಯಾಗಿ 150 ಮೆಗಾಹರ್ಟ್ಸ್‌ನಲ್ಲಿ. ಕಡ್ಡಿ ಅದರ ಪಕ್ಕದಲ್ಲೇ ನಿಂತಿದೆ, ಶಕ್ತಿಯನ್ನು ಅದಕ್ಕೆ ಕೊಡುತ್ತದೆ, ಅದು ತನ್ನ ಹಂತದಲ್ಲಿ ಮರಳಿ ಕೊಡುತ್ತದೆ. ಮಾದರಿಯಲ್ಲಿ ಪ್ರತಿ ಕಂಬಿಯನ್ನೂ ಪ್ರತಿ ಕಾಲನ್ನೂ ಹಾಕಿ, 140ರಿಂದ 170 ಮೆಗಾಹರ್ಟ್ಸ್‌ವರೆಗೆ 0.5ರ ಹೆಜ್ಜೆಯಲ್ಲಿ ಸ್ವೀಪ್ ಮಾಡಿ. ರೋಧದ ಗೆರೆಯಲ್ಲಿ ಚೂಪಾದ ಗಂಟು ಕಂಡರೆ ಅದೇ. ಪರಿಹಾರ ಅಗ್ಗ: ಕಂಬಿಯ ನಡುವೆ ಚಾವಣಿಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಿಗಿದರೆ 1 ಮೀಟರ್ ಎರಡು ಅರ್ಧ ಮೀಟರ್ ಆಗಿ ಅನುರಣನೆ 300ಕ್ಕೆ ಏರುತ್ತದೆ. ಬಿಗಿಯುವ ಕಡೆ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಮೇಲೆ ಗ್ರೀಸ್ ಹಚ್ಚಿ. ಕಾಲುಗಳ ಬೋಲ್ಟಿನ ಕೆಳಗೆ ರಬ್ಬರ್ ಅಥವಾ ತುಕ್ಕು ಇದ್ದರೆ ಕಾಲು ಕೂಡಿದೆಯೋ ಇಲ್ಲವೋ ಗಾಡಿ ಅಲುಗಿದಂತೆ ಬದಲಾಗುತ್ತದೆ. ಮಾದರಿಯನ್ನು ಕಾಲು ಕೂಡಿಸಿ ಒಮ್ಮೆ, ಬಿಡಿಸಿ ಒಮ್ಮೆ ಓಡಿಸಿ; ನಿಜ ಗಾಡಿ ಎರಡರ ನಡುವೆ ಎಲ್ಲೋ ಇರುತ್ತದೆ. ಸಾಮಾನು ಹೇರಿದ ದಿನ ಮತ್ತೊಂದು ಕತೆ.

ಮ್ಯಾಗ್ನೆಟ್ ತಳ ಚಾವಣಿಗೆ ಲೋಹದಿಂದ ಕೂಡಿಲ್ಲ, ಬಣ್ಣ ಮತ್ತು ರಬ್ಬರಿನ ಮೂಲಕ ಕೆಪಾಸಿಟರಾಗಿ ಕೂಡಿದೆ. 80 ಮಿಲಿಮೀಟರ್ ವ್ಯಾಸ, ಅರ್ಧ ಮಿಲಿಮೀಟರ್ ಅಂತರ, ಪರಾವೈದ್ಯುತಾಂಕ 3 ಎಂದರೆ ಸುಮಾರು 267 ಪಿಕೋಫ್ಯಾರಡ್. 150 ಮೆಗಾಹರ್ಟ್ಸ್‌ನಲ್ಲಿ ಅದರ ಅಡ್ಡಿ 4 ಓಮ್, ಲೆಕ್ಕಕ್ಕಿಲ್ಲ. ಎನ್‌ಇಸಿಯ ಎಲ್‌ಡಿ ಕಾರ್ಡಿನಲ್ಲಿ (ಹೊರೆ ಸೇರಿಸುವ ಇನ್‌ಪುಟ್ ಸಾಲು) ಸರಣಿ ಕೆಪಾಸಿಟರಾಗಿ ಸೇರಿಸಿದರೆ ಆಯಿತು. ಇದೇ ತಳ 27 ಮೆಗಾಹರ್ಟ್ಸ್‌ನಲ್ಲಿ 22 ಓಮ್ ಆಗುತ್ತದೆ, ಅಲ್ಲಿ ಬಿಡಲಾಗದು. ತಳದಡಿ ಗಣಿಯ ದೂಳು ಸೇರಿ ಅಂತರ 2 ಮಿಲಿಮೀಟರ್ ಆದರೆ ಕೆಪಾಸಿಟಿ ಕಾಲು ಭಾಗಕ್ಕಿಳಿದು 150ರಲ್ಲೂ 16 ಓಮ್. ಆಗ ಕೂಡದ ಕರೆಂಟು ಕೇಬಲ್ಲಿನ ಹೊರ ಜಾಲರಿಯ ಮೇಲೆ ಹರಿದು ಕ್ಯಾಬಿನ್ನಿನೊಳಗೇ ಬರುತ್ತದೆ. ತಳ ಒರೆಸಿ ಕೂರಿಸುವುದೂ ಇಎಂಐ (ವಿದ್ಯುತ್ಕಾಂತೀಯ ಅಡಚಣೆ) ತಡೆಯುವ ಕೆಲಸವೇ.

ಟ್ರ್ಯಾಕರಿನ ವಿಷಯಕ್ಕೆ ಬರುವ ಮೊದಲು ಎರಡು ಪರೀಕ್ಷೆ ಮಾಡಿ, ಮಾದರಿ ಬೇಕಾಗುವುದಿಲ್ಲ. ಸೆಟ್ಟಿಗೆ ಆಂಟೆನಾ ಬದಲು 50 ಓಮ್ ಡಮ್ಮಿ ಲೋಡ್ (ಶಕ್ತಿಯನ್ನು ಹೊರಸೂಸದೆ ಹೀರುವ ರೋಧಕ) ಹಾಕಿ ಬಟನ್ ಒತ್ತಿ. ಆಗಲೂ ಟ್ರ್ಯಾಕರ್ ಕುರುಡಾದರೆ ದೋಷ ವಿದ್ಯುತ್ ತಂತಿಯಲ್ಲಿ. 25 ವ್ಯಾಟ್ ಸೆಟ್ 6 ಆಂಪಿಯರ್‌ವರೆಗೆ ಎಳೆಯುತ್ತದೆ. ಹೋಗಿಬರುವ ಒಟ್ಟು 8 ಮೀಟರ್, 1.5 ಚದರ ಮಿಲಿಮೀಟರ್ ತಂತಿಯಲ್ಲಿ ಅರ್ಧ ವೋಲ್ಟಿಗೂ ಹೆಚ್ಚು ಕುಸಿಯುತ್ತದೆ, ಟ್ರ್ಯಾಕರ್ ಅದೇ ತಂತಿಯಿಂದ ಉಣ್ಣುತ್ತಿದ್ದರೆ ಅದಕ್ಕೂ ಕುಸಿತ. 4 ಚದರ ಮಿಲಿಮೀಟರ್ ತಂತಿಯನ್ನು ಬ್ಯಾಟರಿಯಿಂದ ನೇರ ಎಳೆದು, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ. ಡಮ್ಮಿ ಲೋಡಿನಲ್ಲಿ ತೊಂದರೆ ಮಾಯವಾದರೆ ಎರಡನೇ ಪರೀಕ್ಷೆ: ಪರವಾನಗಿಯಲ್ಲಿರುವ ಬೇರೆ ಚಾನೆಲ್ ಇದ್ದರೆ ಅದರಲ್ಲಿ ಒತ್ತಿ ನೋಡಿ. ಒಂದೇ ಚಾನೆಲ್ಲಿನಲ್ಲಿ ತೊಂದರೆಯಾದರೆ ಹಾರ್ಮೋನಿಕ್ (ಸೆಟ್ಟಿನ ಆವರ್ತನದ ಪೂರ್ಣ ಗುಣಕ), ಎಲ್ಲದರಲ್ಲೂ ಆದರೆ ಟ್ರ್ಯಾಕರಿನ ಆಂಟೆನಾದ ಮುಂಭಾಗದ ಆಂಪ್ಲಿಫೈಯರ್ ತುಂಬಿ ಮೊಂಡಾಗುತ್ತಿದೆ ಎಂದೇ ಹೆಚ್ಚು ಸಂಭವ. 157.54 ಮೆಗಾಹರ್ಟ್ಸ್‌ನ ಹತ್ತನೇ ಹಾರ್ಮೋನಿಕ್ ಜಿಪಿಎಸ್‌ನ 1575.42 ಮೆಗಾಹರ್ಟ್ಸ್ (ಎಲ್1) ಮೇಲೆ ಬೀಳುತ್ತದೆ. ಸ್ಥಾನ ತೋರುವ ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್‌ನ ಎಲ್5, ಅಂದರೆ 1176.45 ಮೆಗಾಹರ್ಟ್ಸ್, 147.06ರ ಎಂಟನೆಯದೂ 168.06ರ ಏಳನೆಯದೂ ಹೌದು. ನಾವಿಕ್ ಹಿಡಿಯುವ ಟ್ರ್ಯಾಕರ್ ಇದ್ದರೆ ಈ ಅಂಕಿಗಳೂ ಬೇಕು.

ಹಾರ್ಮೋನಿಕ್ ಎಷ್ಟು ಸಣ್ಣದಿದ್ದರೂ ಏಕೆ ನೋಯಿಸುತ್ತದೆ ಎಂಬುದಕ್ಕೆ ಲೆಕ್ಕ ಹೀಗೆ. 1 ಗಿಗಾಹರ್ಟ್ಸ್ ಮೇಲಿನ ಅನಗತ್ಯ ಹೊರಸೂಸುವಿಕೆಗೆ ಯುರೋಪಿನ ಮಾನದಂಡ −30 ಡಿಬಿಎಂ (0 ಡಿಬಿಎಂ ಎಂದರೆ 1 ಮಿಲಿವ್ಯಾಟ್) ಮಿತಿ ಇಡುತ್ತದೆ. ಸೆಟ್ ಆ ಮಿತಿಯ ಅಂಚಿನಲ್ಲಿದೆ, ಎರಡು ಆಂಟೆನಾಗಳ ನಡುವೆ 40 ಡಿಬಿ ತಡೆ ಇದೆ ಎಂದುಕೊಳ್ಳಿ. ಟ್ರ್ಯಾಕರಿಗೆ −70 ಡಿಬಿಎಂ ತಲುಪುತ್ತದೆ. 2 ಮೆಗಾಹರ್ಟ್ಸ್ ಅಗಲದಲ್ಲಿ ಉಷ್ಣ ಗದ್ದಲವೇ −111, ಉಪಗ್ರಹದ ಸಿಗ್ನಲ್ಲು −128.5. ಪ್ರಮಾಣಪತ್ರ ಪಡೆದ ಸೆಟ್ಟೂ ಜಿಪಿಎಸ್ಸನ್ನು 41 ಡಿಬಿ ಮುಳುಗಿಸಬಲ್ಲದು. ಒಳ್ಳೆಯ ಸೆಟ್ಟುಗಳ ಹತ್ತನೇ ಹಾರ್ಮೋನಿಕ್ ಇದಕ್ಕಿಂತ ತುಂಬ ಕೆಳಗಿರುತ್ತದೆ, ಆದರೂ ಸೆಟ್ಟಿನ ಹಿಂದೆ ಒಂದು ಲೋ-ಪಾಸ್ ಫಿಲ್ಟರ್ ಹಾಕುವುದು ಆಂಟೆನಾಗಳನ್ನು ದೂರ ಸರಿಸುವುದಕ್ಕಿಂತ ಪರಿಣಾಮಕಾರಿ.

ಆ 40 ಡಿಬಿಯನ್ನು ಲೆಕ್ಕದಿಂದ ಪಡೆಯಲು ಓಪನ್‌ಇಎಂಎಸ್ ಬಳಸಿ. ಎಫ್‌ಡಿಟಿಡಿ ವಿಧಾನ, ಅಂದರೆ ಜಾಗವನ್ನು ಸಣ್ಣ ಕೋಶಗಳಾಗಿ ಒಡೆದು ಕ್ಷೇತ್ರವನ್ನು ಕ್ಷಣಕ್ಷಣಕ್ಕೆ ಲೆಕ್ಕ ಹಾಕುವುದು, ಉಚಿತ. ಆದರೆ 1575ಕ್ಕೆ ಕೋಶ 9.5 ಮಿಲಿಮೀಟರಿಗಿಂತ ದೊಡ್ಡದಿರಬಾರದು. 6 × 4 × 4 ಮೀಟರ್ ಪೆಟ್ಟಿಗೆಯಲ್ಲಿ ಇಡೀ ಗಾಡಿ ಇಟ್ಟರೆ 11 ಕೋಟಿಗೂ ಹೆಚ್ಚು ಕೋಶ, ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಚಾವಣಿ, ಮುಂಗಾಜು, ಡ್ಯಾಶ್‌ಬೋರ್ಡ್ ಮಾತ್ರ ಕತ್ತರಿಸಿ ಇಡಿ, ಉಳಿದದ್ದನ್ನು ಹೀರುವ ಗಡಿಗೆ ಬಿಡಿ. ವಿಎಚ್‌ಎಫ್ ಮಾತ್ರ ಬೇಕಿದ್ದರೆ ಇಡೀ ಗಾಡಿ 25 ಮಿಲಿಮೀಟರ್ ಕೋಶದಲ್ಲಿ 61 ಲಕ್ಷ ಕೋಶ, ಆರಾಮಾಗಿ ಹಿಡಿಸುತ್ತದೆ.

ಎಂಜಿನ್ ಗದ್ದಲ ಮತ್ತು ಬಟನ್ ಒತ್ತಿದಾಗಿನ ತೊಂದರೆಗೆ ಎರಡು ಮಾದರಿ ಬೇಡ. ಪಾರಸ್ಪರಿಕ ನಿಯಮದಿಂದ ಆಂಟೆನಾದಿಂದ ವೈರಿಂಗಿಗೆ ಹೋಗುವ ದಾರಿ ಎಷ್ಟು ಸೋರುತ್ತದೋ ವೈರಿಂಗಿನಿಂದ ಆಂಟೆನಾಗೆ ಬರುವ ದಾರಿಯೂ ಅಷ್ಟೇ ಸೋರುತ್ತದೆ. ಬಾನೆಟ್ಟಿನಡಿಯ ದೀಪದ ವೈರಿಂಗನ್ನು ಮಾದರಿಯಲ್ಲಿ ಒಂದೇ ತಂತಿಯಾಗಿ, ಮೈಯಿಂದ 3 ಸೆಂಟಿಮೀಟರ್ ಎತ್ತರದಲ್ಲಿ ಎಳೆಯಿರಿ. ಹೊರಸೂಸುವುದು ಕಟ್ಟಿನ ಒಟ್ಟು ಕರೆಂಟು, ಒಳಗಿನ ಇಪ್ಪತ್ತು ತಂತಿಗಳ ಬಿಡಿ ವಿವರ ಬೇಡ. ಎರಡು ತುದಿಗೂ ಹೊರೆ ಹಾಕಿ, ಎನ್‌ಇಸಿಯ ಸಿಪಿ ಕಾರ್ಡಿನಿಂದ (ಎರಡು ಜಾಗಗಳ ನಡುವಿನ ಜೋಡಣೆ ಕೇಳುವ ಸಾಲು) ಜೋಡಣೆ ಕೇಳಿ. ಸಿಪಿ ಕಾರ್ಡ್ ಕೊಡುವುದು ಎರಡೂ ಕಡೆ ಹೊಂದಿಸಿದಾಗಿನ ಗರಿಷ್ಠ ಜೋಡಣೆ, ಅದನ್ನು ಕೆಟ್ಟ ಸ್ಥಿತಿಯ ಮಿತಿ ಎಂದೇ ಓದಿ. ಉತ್ತರ −40 ಡಿಬಿ ಎಂದಿಟ್ಟುಕೊಳ್ಳಿ. 44 ಡಿಬಿಎಂ ಬಿಡುವ ಸೆಟ್ ವೈರಿಂಗಿನಲ್ಲಿ 4 ಡಿಬಿಎಂ, ಅಂದರೆ 2.5 ಮಿಲಿವ್ಯಾಟ್ ಎಬ್ಬಿಸುತ್ತದೆ. ಎಲ್‌ಇಡಿಯ ಸ್ವಿಚಿಂಗ್ ಸರ್ಕ್ಯೂಟು ಅದೇ ವೈರಿಂಗಿನಲ್ಲಿ, ಚಾನೆಲ್ಲಿನ ಅಗಲದೊಳಗೆ, −60 ಡಿಬಿಎಂ ಗದ್ದಲ ಬಿಟ್ಟರೆ ಆಂಟೆನಾಗೆ −100 ತಲುಪುತ್ತದೆ. ಸೆಟ್ಟಿನ ಸೂಕ್ಷ್ಮತೆ 0.25 ಮೈಕ್ರೋವೋಲ್ಟ್, ಅಂದರೆ −119. ದೂರದ ಸಿಗ್ನಲ್ ಸಾಯಲು ಈ 19 ಡಿಬಿ ಸಾಕು. ಬಾನೆಟ್ಟಿನ ಅಂಚಿನ ಸೀಳು 1.2 ಮೀಟರ್ ಇದ್ದರೆ 125 ಮೆಗಾಹರ್ಟ್ಸ್‌ನಲ್ಲಿ ಅರ್ಧ ತರಂಗ, ಆ ಸೀಳನ್ನೂ ಮಾದರಿಯಲ್ಲಿ ತೆರೆದೇ ಇಡಿ. ಹಿಂಜುಗಳು ಬಣ್ಣದಡಿ ಇರುವುದರಿಂದ ಅವು ಕೂಡಿಸುತ್ತವೆ ಎಂದು ನಂಬಬೇಡಿ.

ಗಾಡಿಯಲ್ಲಿ ಮೂಲ ಹುಡುಕುವುದು ಸುಲಭ. ಎಂಜಿನ್ ಚಾಲೂ ಇಟ್ಟು ಆಂಟೆನಾ ಬಿಚ್ಚಿ. ಗದ್ದಲ ಉಳಿದರೆ ಅದು ವಿದ್ಯುತ್ ತಂತಿಯಿಂದ, ಹೋದರೆ ಆಂಟೆನಾದಿಂದ. ಎಂಜಿನ್ ವೇಗದೊಂದಿಗೆ ಏರಿಳಿಯುವ ಕೂಗು ಆಲ್ಟರ್ನೇಟರ್, ಟಿಕ್ ಟಿಕ್ ಇಂಜೆಕ್ಟರ್, ದೀಪ ಆರಿಸಿದೊಡನೆ ನಿಂತರೆ ಎಲ್‌ಇಡಿ. ನನ್ನ ಊಹೆ ದೀಪದ ಮೇಲೆ. ಎಲ್‌ಇಡಿಯ ಹತ್ತಿರವೇ ವಿಎಚ್‌ಎಫ್‌ಗೆ ಒಗ್ಗುವ 43ನೇ ಮಿಶ್ರಣದ ಫೆರೈಟ್ ಹಾಕಿ, ತಂತಿಯನ್ನು ಎರಡು ಮೂರು ಸುತ್ತು ಹಾಯಿಸಿ. ಸೆಟ್ಟಿನ ಹತ್ತಿರ ಹಾಕಿದರೆ ಪ್ರಯೋಜನ ಕಡಿಮೆ, ಅಷ್ಟರಲ್ಲಿ ವೈರಿಂಗೇ ಆಂಟೆನಾ ಆಗಿರುತ್ತದೆ.

ಮಾದರಿಯನ್ನು ತಾಳೆ ನೋಡಲು ನ್ಯಾನೊವಿಎನ್‌ಎ (ಆಂಟೆನಾದ ರೋಧ, ಪ್ರತಿಫಲನ ಅಳೆಯುವ ಚಿಕ್ಕ ಉಪಕರಣ) ಸಾಕು, 300 ಮೆಗಾಹರ್ಟ್ಸ್‌ವರೆಗೆ ಅದು ಚೆನ್ನಾಗಿ ಅಳೆಯುತ್ತದೆ. ಕ್ಯಾಲಿಬ್ರೇಶನ್ ಕೇಬಲ್ಲಿನ ಆಂಟೆನಾ ತುದಿಯಲ್ಲೇ ಮಾಡಿ, ಕೇಬಲ್ಲಿಗೆ ಮೂರು ನಾಲ್ಕು ಫೆರೈಟ್ ಹಾಕಿ, ಇಲ್ಲದಿದ್ದರೆ ಅಳೆಯುವ ಕೇಬಲ್ಲೂ ಆಂಟೆನಾದ ಭಾಗವಾಗುತ್ತದೆ. ಕ್ಯಾರಿಯರ್ ಬಿಚ್ಚಿ ಒಮ್ಮೆ, ಹಾಕಿ ಒಮ್ಮೆ, ಪಟ್ಟಿ ಬಿಗಿದು ಒಮ್ಮೆ. ಅನುರಣನೆ ಶೇ. 3ರೊಳಗೆ ತಾಳೆಯಾದರೆ, ವೈರಿಂಗಿನ ಜೋಡಣೆ 6 ಡಿಬಿಯೊಳಗೆ ಬಂದರೆ ಮಾದರಿ ಒಳ್ಳೆಯದೇ. ವೈರಿಂಗ್ 2 ಸೆಂಟಿಮೀಟರ್ ಸರಿದರೂ ಅಷ್ಟು ವ್ಯತ್ಯಾಸ ಆಗುತ್ತದೆ. ಬಾಗಿಲು ಮುಚ್ಚಿ, ಮಾದರಿಯಲ್ಲೂ ಮುಚ್ಚಿದ್ದೀರಿ ಎಂಬುದನ್ನು ನೆನಪಿಡಿ.

ನೆಲದ ಬಗ್ಗೆ ಹೆಚ್ಚು ಚಿಂತೆ ಬೇಡ. ಚಾವಣಿಯ ಮೇಲಿನ ಕಡ್ಡಿಯ ರೋಧಕ್ಕೆ ನೆಲ ಹೆಚ್ಚು ವ್ಯತ್ಯಾಸ ಮಾಡುವುದಿಲ್ಲ. ದಿಗಂತದ ಹತ್ತಿರದ ಗಳಿಕೆ ಮಾತ್ರ ಬದಲಾಗುತ್ತದೆ. ಮಳೆಗಾಲದ ಎರೆ ಮಣ್ಣಿಗೆ ವಾಹಕತೆ 0.03 ಸೀಮೆನ್ಸ್ ಪ್ರತಿ ಮೀಟರ್, ಪರಾವೈದ್ಯುತಾಂಕ 20 ಎಂದು, ಬೀದರ ಕಡೆಯ ಒಣ ಜಂಬಿಟ್ಟಿಗೆ ನೆಲಕ್ಕೆ 0.001 ಮತ್ತು 5 ಎಂದು ಎರಡು ತುದಿ ಇಟ್ಟು ಓಡಿಸಿ, ಉತ್ತರ ಬದಲಾಗುವ ವ್ಯಾಪ್ತಿ ಸಿಗುತ್ತದೆ. ಅದಕ್ಕಿಂತ ಗಮನ ಕೊಡಬೇಕಾದದ್ದು ಹತ್ತಿರದ ಕ್ಷೇತ್ರ. 25 ವ್ಯಾಟ್, ಡೈಪೋಲಿನಷ್ಟು ಗಳಿಕೆ ಎಂದರೆ 1 ಮೀಟರ್ ದೂರದಲ್ಲಿ ಸರಿಸುಮಾರು 35 ವೋಲ್ಟ್ ಪ್ರತಿ ಮೀಟರ್. ಗಾಡಿಯ ಎಲೆಕ್ಟ್ರಾನಿಕ್ಸನ್ನು ಪರೀಕ್ಷಿಸುವ ಯುಎನ್ ಆರ್10 ನಿಯಮದಲ್ಲಿ ಬಹುಪಾಲು ಬ್ಯಾಂಡಿಗೆ ಇಡುವ ಮಟ್ಟ 30. ಹೊರಗಿನಿಂದ ಬರುವುದಕ್ಕೆ ಪಾಸಾದ ಗಾಡಿ ತನ್ನ ತಲೆಯ ಮೇಲಿನ ಕಡ್ಡಿಗೆ ಪಾಸಾಗಿದೆ ಎಂದೇನಿಲ್ಲ. ಅದಕ್ಕೆ ಐಎಸ್‌ಒ 11451ರ ಮೂರನೇ ಭಾಗ ಬೇರೆಯೇ ಇದೆ. ನಮ್ಮ ದೇಶದ ವಾಹನ ನಿಯಮ ಎಐಎಸ್-004ರ ಮೂರನೇ ಭಾಗ. ಪ್ರಮಾಣಪತ್ರದ ಅಳತೆ ಬೇಕಾದರೆ ಪುಣೆಯಲ್ಲಿ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐಯ ಇಎಂಸಿ (ವಿದ್ಯುತ್ಕಾಂತೀಯ ಹೊಂದಾಣಿಕೆ) ಪ್ರಯೋಗಾಲಯ ಇದೆ, ಆದರೆ ಪ್ರಾಜೆಕ್ಟಿಗೆ ಅದರ ಖರ್ಚು ಬೇಡ.

ಕಡ್ಡಿಯನ್ನು ಚಾವಣಿಯ ನಡುವೆಯೇ ಇರಿಸಿ. ಹಿಂದಿನ ಮೂಲೆಗೆ ಸರಿಸಿದರೆ ಹೆಚ್ಚು ತಗಡು ಇರುವ ದಿಕ್ಕಿಗೆ, ಅಂದರೆ ಕರ್ಣದ ಎದುರು ಮೂಲೆಗೆ ಗಳಿಕೆ ವಾಲುತ್ತದೆ. ಮಾದರಿಯಲ್ಲಿ ಎರಡೂ ಜಾಗ ಇಟ್ಟು ನೋಡಿದರೆ ಇದು ಮೊದಲ ಓಟದಲ್ಲೇ ಕಾಣಬೇಕು; ಕಾಣದಿದ್ದರೆ ಜಾಲದಲ್ಲಿ ಎಲ್ಲೋ ತಂತಿ ಕೂಡಿಲ್ಲ, ಮತ್ತೆ ಅಂಚಿನ ತುಂಡುಗಳನ್ನು ನೋಡಿ.